ನೂರಾ ಹದಿನೇಳನೆಯ ನಂಬರು

ಒಂಟಿ ಬಂಡೆಯ ತಿರುವಿನಲ್ಲಿ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಊರಿ, ಅದರ ಒಂದು ಕಾಲು ಸಡಿಲ ಮಣ್ಣಿನಲ್ಲಿ ಪದೇಪದೇ ಹೂತುಹೋಗುತ್ತಿದ್ದುದರಿಂದ ಅಡಿಗೊಂದು ಚಪ್ಪಟೆ ಕಲ್ಲು ಕೊಟ್ಟು, ಇನ್ನೇನು ಎಲ್ಲ ಸರಿಹೋಯಿತು ಎಂದು ಸೊಂಟ ನೆಟ್ಟಗೆ ಮಾಡುವ ಹೊತ್ತಿಗೆ, ಅವಳು ಬಂದರೂ ಇವತ್ತು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಏನು ಆಗುವುದಿಲ್ಲ ಎಂದು ಕೇಳಿಕೊಂಡಿದ್ದರೆ ಉತ್ತರ ಸಿಗುತ್ತಿತ್ತು, ಅದಕ್ಕೇ ಕೇಳಿಕೊಳ್ಳಲಿಲ್ಲ. ಚೀಲದ ಹಿಂಬದಿಯ ಖಾನೆಯಲ್ಲಿ ಕಂದು ಬಣ್ಣದ ಲಕೋಟೆ ಇತ್ತು. ಮನೆಯಿಂದ ಹೊರಡುವಾಗ ಇದೆಯೇ ಎಂದು ಎರಡು ಸಲ ಮುಟ್ಟಿ ನೋಡಿದ್ದ, ಹತ್ತುವ ದಾರಿಯಲ್ಲಿ ಏದುಸಿರು ಬಿಡುತ್ತ ಮೂರನೆಯ ಸಲ. ಈಗ ಮತ್ತೆ ಕೈ ಅತ್ತಲೇ ಹೋದಾಗ, ಓಟಗಾರರಿಗೆಂದು ಇಟ್ಟ ನೀರಿನ ಮೇಜಿನ ಹಿಂದೆ ಲೋಟ ಜೋಡಿಸುತ್ತಿದ್ದ ನರ್ಸಮ್ಮ ತನ್ನನ್ನೇ ನೋಡುತ್ತಿರುವುದು ಕಂಡು, ಕರವಸ್ತ್ರ ಹುಡುಕುವವನಂತೆ ನಟಿಸಿ, ಇಲ್ಲದ ಬೆವರು ಒರೆಸಿಕೊಂಡ.

ಕೆಳಗೆ ಊರು ಮಂಜಿನಿಂದ ಇಷ್ಟಿಷ್ಟೇ ಹೊರಬರುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಗುಡ್ಡದ ಒಂದು ಮಗ್ಗುಲು ಬೆಳಗಿನ ಹತ್ತು ಗಂಟೆಗೆ ಕುಸಿದು, ಕೆಳಗಿನ ಬೀದಿಯನ್ನೂ ಪಿಂಗಾಣಿ ಕಾರ್ಖಾನೆಯ ಚಿತ್ರ ಬರೆಯುವ ಶೆಡ್ಡನ್ನೂ ನುಂಗಿ ಹಾಕಿತ್ತು. ಹತ್ತೊಂಬತ್ತು ಜನ. ಈಗ ಜಾರಿದ ಜಾಗಕ್ಕೆ ತಂತಿಬಲೆ ಬಿಗಿದು ಹುಲ್ಲು ಬೆಳೆಸಿದ್ದಾರೆ, ಕಾರ್ಖಾನೆಯ ಒಂದು ಚಿಮಣಿ ಹೊಗೆಯಾಡುತ್ತದೆ, ಮುಚ್ಚಿದ್ದ ಎರಡು ವಸತಿಗೃಹಗಳಿಗೆ ಬಣ್ಣ ಬಳಿದಿದ್ದಾರೆ. ಹೊರಗಿನವರು ಮತ್ತೆ ಬರಲಿ ಎಂದು ಊರಿನ ಸಮಿತಿಯವರು ಈ ಗುಡ್ಡದ ಓಟ ಇಟ್ಟಿದ್ದರು. ಶಾಲೆಯ ಡ್ರಿಲ್ ಮಾಸ್ತರು ಅದರ ಸರ್ವಾಧಿಕಾರಿ. 'ನಮ್ಮೂರು ಚೇತರಿಸಿಕೊಂಡಿದೆ' ಎಂದು ಬಸ್ ನಿಲ್ದಾಣದಲ್ಲಿ ಬಟ್ಟೆಯ ಫಲಕ ಕಟ್ಟಿದ್ದರು. ಜ್ವರ ಬಿಟ್ಟವನು ತಾನೇ ಎದ್ದು ನಿಂತು, ನೋಡಿ ನಾನು ನಡೆಯಬಲ್ಲೆ ಎಂದು ತೋರಿಸುವ ಹಾಗಿತ್ತು ಅದು. ನಿನ್ನೆ ಸಂಜೆ ಮಾಸ್ತರು ಸ್ಟುಡಿಯೋದ ಬಾಗಿಲಲ್ಲಿ ನಿಂತು, ಸೀಟಿ ಊದಿ ಊದಿ ಒಡೆದ ದನಿಯಲ್ಲಿ ಅಪ್ಪಣೆ ಕೊಟ್ಟಿದ್ದರು: "ನೋಡು ಸ್ಟುಡಿಯೋ, ಎದೆ ಮೇಲಿನ ನಂಬರು ಕಾಣ್ಬೇಕು. ಮುಖ ಕಾಣದಿದ್ರೂ ನಡೆಯುತ್ತೆ, ನಂಬರು ಕಾಣ್ಲೇಬೇಕು. ಮಧ್ಯಾಹ್ನ ಮೂರಕ್ಕೆ ಎಲ್ಲರ ಫೋಟೋ ಶಾಲೆ ಹಾಲ್‌ನಲ್ಲಿ ನೇತಾಡ್ತಿರಬೇಕು." ಊರಿನಲ್ಲಿ ಅವನನ್ನು ಎಲ್ಲರೂ ಸ್ಟುಡಿಯೋ ಎಂದೇ ಕರೆಯುವುದು. ಅಪ್ಪ ಬದುಕಿದ್ದಾಗ ಅಪ್ಪ ಸ್ಟುಡಿಯೋ, ಇವನು ಮರಿ ಸ್ಟುಡಿಯೋ. ಅಪ್ಪ ಹೋದ ಮೇಲೆ ಬಡ್ತಿ ಸಿಕ್ಕಿತು.

ಮಾಸ್ತರು ಕೊಟ್ಟುಹೋದ ಹೆಸರಿನ ಪಟ್ಟಿಯನ್ನು ಅವರು ಬೀದಿಯ ತಿರುವು ದಾಟುವ ಮೊದಲೇ ಬಿಡಿಸಿದ್ದ. ಯಾಕೆ ಬಿಡಿಸಿದ, ಏನು ಹುಡುಕಿದ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಯಾವ ಪಟ್ಟಿ ಕೈಗೆ ಸಿಕ್ಕರೂ ಎರಡು ವರ್ಷದಿಂದ ಅವನು ಒಂದೇ ಹೆಸರು ಹುಡುಕುತ್ತಿದ್ದ, ಔಷಧದಂಗಡಿಯ ಬಾಕಿ ಔಷಧದ ಪಟ್ಟಿಯಲ್ಲಿಯೂ. ನೂರಾ ಹದಿನೇಳನೆಯ ಸಾಲಿನಲ್ಲಿ ಅದು ಇತ್ತು. ಅವಳು ಓಡುತ್ತಾಳೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ದೂರದ ಪಟ್ಟಣದಲ್ಲಿ ಯಾವುದೋ ಗಾಜಿನ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದಾಳೆ ಎಂದು ಮಾತ್ರ ಗೊತ್ತು. ಓಡುವುದನ್ನು ಅಲ್ಲಿ ಕಲಿತಳೇ, ಯಾರ ಜೊತೆ ಕಲಿತಳು, ಬೆಳಿಗ್ಗೆ ಓಡುತ್ತಾಳೋ ಸಂಜೆಯೋ. ತನಗೆ ಸಂಬಂಧವೇ ಇಲ್ಲದ ಈ ಬೆಳಗು ಸಂಜೆಗಳ ಬಗ್ಗೆ ಅವನಿಗೆ ಹೊಟ್ಟೆಕಿಚ್ಚಾಯಿತು, ಆದದ್ದಕ್ಕೆ ನಾಚಿಕೆಯೂ ಆಯಿತು.

"ಏನ್ರೀ ಸ್ಟುಡಿಯೋ, ಬೆಳಿಗ್ಗೆಯಿಂದ ಆ ಪಟ್ಟಿ ಹಿಡ್ಕೊಂಡು ಪರೀಕ್ಷೆ ಫಲಿತಾಂಶ ನೋಡೋ ಹಾಗೆ ನೋಡ್ತಿದ್ದೀರಲ್ಲ?" ಎಂದಳು ನರ್ಸಮ್ಮ.

"ನಂಬರು ತಪ್ಪಾಗಬಾರದಲ್ಲ."

"ನಿಮ್ಮ ಕೈಯಲ್ಲಿ ತಪ್ಪೇ? ನಮ್ಮನೆಯವರ ಫೋಟೋದಲ್ಲಿ ಶರಟಿನ ಕಾಲರು ಎಷ್ಟು ನೀಟಾಗಿ ಕೂರಿಸಿಕೊಟ್ರಿ. ಬದುಕಿದ್ದಾಗ ಒಂದು ದಿನ ಆ ಕಾಲರು ನೆಟ್ಟಗಿದ್ದಿದ್ದಿಲ್ಲ. ಒಂದೊಂದ್ಸಲ ನೋಡಿ, ಇವರ್‍ಯಾರಪ್ಪ ಸಭ್ಯಸ್ಥರು ಅಂದ್ಕೋತೀನಿ." ಅವಳು ನಕ್ಕಳು. ಅವನೂ ನಗಬೇಕಾಯಿತು. ನಿಮ್ಮ ಕೈಯಲ್ಲಿ ತಪ್ಪೇ ಎಂಬ ಮಾತಿಗೆ ಮಾತ್ರ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ತುರುಕಿಕೊಂಡ.

ಮೊದಲ ಓಟಗಾರ ಬಂದು ಹೋದ. ಅವನ ಹಿಂದೆ ಇಬ್ಬರು, ಆಮೇಲೆ ಒಬ್ಬಳು ಕೆಂಪು ಟೋಪಿಯವಳು. ನಂಬರು ಕಾಣಬೇಕು ಎಂದು ಅವನ ಕಣ್ಣು ಎದೆಯ ಮೇಲಿನ ಚೌಕಕ್ಕೆ ಹೋಗುತ್ತಿತ್ತು, ಬೆರಳು ತಾನಾಗಿ ಒತ್ತುತ್ತಿತ್ತು. ಮುಖ ನೋಡಬೇಡ, ಬೆಳಕು ನೋಡು ಎಂದು ಅಪ್ಪ ಹೇಳುತ್ತಿದ್ದ. ಸ್ಟುಡಿಯೋಗೆ ಬಂದವರ ಮುಖವನ್ನು ಕಣ್ಣಿಟ್ಟು ನೋಡುವುದು ಈ ಕೆಲಸದಲ್ಲಿ ಮರ್ಯಾದೆಯಲ್ಲ, ಅವರಿಗೆ ಮುಜುಗರ. ಭುಜ ನೋಡು, ಗದ್ದದ ಕೆಳಗಿನ ನೆರಳು ನೋಡು, ಮುಖವನ್ನು ಆಮೇಲೆ ನೆಗೆಟಿವ್‌ನಲ್ಲಿ ಬೇಕಾದಷ್ಟು ನೋಡಿಕೊಳ್ಳಬಹುದು. ಅದನ್ನು ಅವನು ಅಕ್ಷರಶಃ ಪಾಲಿಸಿದ್ದ. ಎದುರು ಸಿಕ್ಕಾಗ ತಲೆ ತಗ್ಗಿಸಿ ಹೋಗಿ, ಆಮೇಲೆ ಕತ್ತಲೆ ಕೋಣೆಯಲ್ಲಿ ಒಬ್ಬನೇ ಕೂತು ಬೇಕಾದಷ್ಟು ನೋಡಿಕೊಳ್ಳುವುದು. ಹಾಗೆ ನೋಡಿಕೊಳ್ಳಲು ಅವನಲ್ಲಿದ್ದದ್ದು ಅವಳ ಒಂದೇ ಒಂದು ಚಿತ್ರ, ಅದೂ ಇಪ್ಪತ್ತಾರು ಜನರ ಗುಂಪಿನದು.

ಕಾರ್ಖಾನೆಯ ವಾರ್ಷಿಕ ಫೋಟೋ ಮಾತ್ರ ಅಪ್ಪನ ಹಳೆಯ ಕ್ಯಾಮೆರಾದಲ್ಲೇ ಆಗಬೇಕೆಂದು ಯಜಮಾನರ ಹಠ. ಕುಸಿತಕ್ಕೆ ಕೆಲವು ತಿಂಗಳ ಹಿಂದೆ, ಅಂಗಳದಲ್ಲಿ ಮೂರು ಸಾಲು. ಮಧ್ಯದ ಸಾಲಿನಲ್ಲಿ ಅಕ್ಕ ತಂಗಿ ಪಕ್ಕಪಕ್ಕ; ಅಕ್ಕ ಬಟ್ಟಲಿನ ಅಂಚಿಗೆ ಬಣ್ಣದ ಗೆರೆ ಎಳೆಯುವವಳು, ತಂಗಿ ಅದೇ ಬಟ್ಟಲುಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವವಳು. ಪಿಂಗಾಣಿ ಪುಡಿಯ ದೂಳು ಹಾರುತ್ತಿದ್ದುದರಿಂದ ಅವನು ಲೆನ್ಸಿಗೆ ಮುಚ್ಚಳ ಹಾಕಿ, ಸಾಲು ಸರಿಮಾಡಲು ಹೋಗಿ, ವಾಪಸು ಬಂದು ಸ್ಟ್ಯಾಂಡಿನ ಪಕ್ಕ ನೆಟ್ಟಗೆ ನಿಂತು, ಎಲ್ಲರೂ ಇತ್ತ ನೋಡಿ ಎಂದು ಗಂಭೀರವಾಗಿ ಹೇಳಿ ಗುಂಡಿ ಒತ್ತಿದ್ದ. ಮುಚ್ಚಳ ಹಾಗೇ ಇತ್ತು. ಯಾರಿಗೂ ತಿಳಿಯಲಿಲ್ಲ, ಅಷ್ಟು ದೂರಕ್ಕೆ ಕಪ್ಪು ಗಾಜೂ ಕಪ್ಪು ಮುಚ್ಚಳವೂ ಒಂದೇ. ಮಧ್ಯದ ಸಾಲಿನಿಂದ ಅವಳೊಬ್ಬಳು, ತಂಗಿ, ಒಂದು ಅಂಗೈಯನ್ನು ತನ್ನ ಕಣ್ಣಿನ ಮೇಲಿಟ್ಟು ತೋರಿಸಿ ತುಟಿ ಕಚ್ಚಿ ನಕ್ಕಿದ್ದಳು. ಅವನ ಕಿವಿ ಬಿಸಿಯಾಯಿತು. ಇನ್ನೊಂದು ತೆಗೀತೀನಿ ಎಂದು ಗೊಣಗಿ, ಮುಚ್ಚಳ ಕಿತ್ತು, ಮತ್ತೆ ಒತ್ತಿದ. ಆ ಎರಡನೆಯದರಲ್ಲಿ ಇಪ್ಪತ್ತೈದು ಜನ ಬಿಗಿದುಕೊಂಡು ನಿಂತಿದ್ದಾರೆ, ಅವಳೊಬ್ಬಳ ಮುಖದಲ್ಲಿ ನಗು ಇನ್ನೂ ಆರಿಲ್ಲ. ತನ್ನ ಪೆದ್ದುತನಕ್ಕೆ ಅವಳು ನಕ್ಕ ನಗೆಯದು ಎಂದು ಅವನು ಎಷ್ಟೋ ದಿನ ಹಲ್ಲು ಕಚ್ಚಿದ್ದಾನೆ, ಆದರೂ ನೋಡುವುದನ್ನು ಬಿಟ್ಟಿರಲಿಲ್ಲ.

"ಫೋಟೋ, ಫೋಟೋ!" ಎಂದು ಕೂಗುತ್ತ ಮೂವರು ಗೆಳೆಯರು ಕೈ ಮೇಲೆತ್ತಿ ಬಂದರು. ಎತ್ತಿದ ಕೈಗೆ ಅಂಗಿಯೂ ಎದ್ದು ಮೂವರ ನಂಬರೂ ಮಡಿಸಿಕೊಂಡಿತು. ಇವರನ್ನು ನಿಲ್ಲಿಸಿ ಕೇಳಬೇಕಾಯಿತು.

ಕೆಳಗಿನ ಬೀದಿಯ ಮನೆಗಳ ಜೊತೆಗೆ ಮನೆಗಳಲ್ಲಿದ್ದ ಫೋಟೋಗಳೂ ಮಣ್ಣು ಸೇರಿದ್ದವು. ಊರಿನಲ್ಲಿ ಸತ್ತವರ ಮುಖ ಉಳಿದಿದ್ದದ್ದು ಮೇಲಿನ ಬೀದಿಯ ಸ್ಟುಡಿಯೋದ ನೆಗೆಟಿವ್ ಡಬ್ಬಿಗಳಲ್ಲಿ ಮಾತ್ರ. ಗುಂಪಿನ ಚಿತ್ರದಿಂದ, ಮತದಾರರ ಕಾರ್ಡಿಗೆ ತೆಗೆದ ಚಿತ್ರದಿಂದ, ಯಾರದೋ ಮದುವೆಯ ಊಟದ ಸಾಲಿನ ಚಿತ್ರದಿಂದ ಒಂದೊಂದು ಮುಖ ಹಿಡಿದು ದೊಡ್ಡದು ಮಾಡಿ ಮರದ ಚೌಕಟ್ಟಿನ ಹತ್ತೊಂಬತ್ತು ಕಟ್ಟು ಹಾಕಿದ. ಒಂದೊಂದನ್ನೂ ಎದೆಗೆ ಮುಖ ಒಳಗಾಗಿ ಹಿಡಿದು, ಉಳಿದವರು ಆಸರೆ ಪಡೆದಿದ್ದ ಮನೆಮನೆಗೆ ತಾನೇ ಒಯ್ದ. ಅವನು ಹಾಗೆ ಬರುತ್ತಿದ್ದರೆ ಬೀದಿಯ ಜನ ಕೈಯಲ್ಲಿನ ಕೆಲಸ ಬಿಟ್ಟು, ಅವನು ದಾಟಿಹೋಗುವವರೆಗೆ ಸುಮ್ಮನೆ ಎದ್ದು ನಿಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಅದು ರೂಢಿಯೇ ಆಗಿಹೋಯಿತು. ಹೋದ ವರ್ಷ ಅವನು ರಿಪೇರಿ ಮಾಡಿಸಿದ ಕನ್ನಡಿ ಹಿಡಿದು ಹೋಗುತ್ತಿದ್ದಾಗಲೂ ಬೀದಿಯ ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಎದ್ದು ನಿಂತಿದ್ದ. ಹತ್ತೊಂಬತ್ತರಲ್ಲಿ ಹದಿನೆಂಟು ಸರಿಯಿದ್ದವು. ಚಿತ್ರ ಬರೆಯುವ ಶೆಡ್ಡಿನಲ್ಲಿ ಹೋದ ಅವಳ ಅಕ್ಕನದನ್ನು ಮಾಡುವ ಹೊತ್ತಿಗೆ ಮೂರು ದಿನದ ನಿದ್ದೆಗೇಡು. ಇಪ್ಪತ್ತಾರು ಜನರ ನೆಗೆಟಿವ್ ಇಟ್ಟ, ಬೆಳಕು ಬಿಟ್ಟ, ಕಾಗದವನ್ನು ದ್ರಾವಣದಲ್ಲಿ ಅದ್ದಿದ. ಮುಖ ಮೆಲ್ಲಗೆ ಮೂಡತೊಡಗಿದಾಗ ಆ ಮೂರು ದಿನದಲ್ಲಿ ಮೊದಲ ಸಲ ಅಳು ಬಂತು, ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಪಾಪ, ಹೋದವಳಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದ.

ಕಟ್ಟು ಹಾಕಿ ಕೊಟ್ಟು ಬಂದ ಮಾರನೆಯ ದಿನ ಅವಳು ಸ್ಟುಡಿಯೋಗೆ ಬಂದಳು. ಅವಳು ಅಲ್ಲಿಗೆ ಬಂದದ್ದೇ ಅದು ಮೊದಲು. ಬಾಗಿಲಲ್ಲೇ ನಿಂತು, "ಗೋಡೆ ಮೇಲಿರೋದು ನಾನು," ಎಂದಳು. ಕೋಪವಿರಲಿಲ್ಲ. "ಅಮ್ಮನಿಗೆ ಕಣ್ಣಿಗೆ ಪೊರೆ ಬಂದಿದೆ, ಗೊತ್ತಾಗಿಲ್ಲ. ಅಕ್ಕನ ಹೆಸರು ಹಿಡಿದು ಅದರ ಜೊತೆ ಮಾತಾಡ್ತಾಳೆ. ನಾನು ಪಕ್ಕದಲ್ಲೇ ಕೂತಿರ್ತೀನಿ." ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದಳು: "ಹೇಗೆ ತಪ್ಪಾಯ್ತು?" ಆ ಕ್ಷಣಕ್ಕೆ ಅವನಿಗೆ ಎಲ್ಲ ಗೊತ್ತಾಗಿಹೋಯಿತು, ಗೋಡೆಗೆ ಹಣೆ ಒತ್ತಿ ಅತ್ತದ್ದು ಯಾವ ಅಳು ಎಂಬುದೂ. ಸದ್ಯ ಇವಳಲ್ಲವಲ್ಲ, ಇವಳು ಉಳಿದಳಲ್ಲ ಎಂಬ ಸಮಾಧಾನದ ಅಳು ಅದು. ಸತ್ತವಳ ನೆನಪೇ ಇರಲಿಲ್ಲ. ಅಂಥದ್ದನ್ನು ಯಾರಿಗೆ ಹೇಳುವುದು, ಅದೂ ಅಕ್ಕ ಹೋಗಿ ವಾರವಾಗದವಳಿಗೆ? "ನೆಗೆಟಿವ್‌ನಲ್ಲಿ ನೀವಿಬ್ಬರೂ ಒಂದೇ ಥರ ಕಾಣ್ತೀರಿ," ಎಂದುಬಿಟ್ಟ. "ಬೇರೆ ಮಾಡಿಕೊಡ್ತೀನಿ." ಅವಳು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದಳು, ಅವನು ಮಾತು ಮುಗಿಸಿಲ್ಲವೇನೋ ಎಂಬಂತೆ. ಆಮೇಲೆ, "ಈಗ ಬೇಡ, ಅಮ್ಮ ತಡ್ಕೊಳ್ಳಲ್ಲ," ಎಂದು ಹೋದಳು. ಎರಡು ತಿಂಗಳಿಗೆ ಊರನ್ನೇ ಬಿಟ್ಟಳು. ಸರಿಯಾದ ಚಿತ್ರ ಅವನು ಅದೇ ವಾರ ಮಾಡಿಟ್ಟಿದ್ದ. ಅದನ್ನು ಒಯ್ದು ತಾಯಿಗೆ ಕೊಟ್ಟು ಹೀಗಾಯಿತು ಎನ್ನಲು ಎರಡು ವರ್ಷದಿಂದ ಕಾಲು ಏಳಲಿಲ್ಲ. ಇವತ್ತು ಇವಳ ಕೈಗೆ ಕೊಟ್ಟುಬಿಟ್ಟರೆ ಭಾರ ಇಳಿದೀತು ಎಂಬುದು ಲೆಕ್ಕಾಚಾರ. ಕೊಡುವಾಗ ಆವತ್ತು ಮುಗಿಸದೆ ಬಿಟ್ಟ ಮಾತನ್ನೂ ಮುಗಿಸಿಬಿಡಬೇಕು ಎಂಬುದು ಲೆಕ್ಕಾಚಾರದೊಳಗಿನ ಆಸೆ.

ಅವಳು ತಿರುವಿನಲ್ಲಿ ಕಂಡಾಗ ಅವನು ಕ್ಯಾಮೆರಾದೊಳಗೇ ಇದ್ದ. ಮೊದಲು ನಂಬರು ಕಂಡಿತು, ಒಂದು ಒಂದು ಏಳು. ಆಮೇಲೆ ಜನ್ಮದಲ್ಲಿ ಮೊದಲ ಸಲ ಬೆಳಕು ಬಿಟ್ಟು ಮುಖ ನೋಡಿದ. ಸೊರಗಿದ್ದಳು. ಹಣೆ ಅಗಲವಾದಂತಿತ್ತು, ಕೆನ್ನೆ ಇಳಿದಿತ್ತು, ಅಕ್ಕ ಹೋದಾಗಿನ ವಯಸ್ಸಿಗೆ ಇವಳೂ ಬಂದು ಮುಟ್ಟಿದ್ದಳು. ಆದರೂ ಒಂದೇ ಥರ ಎಲ್ಲಿ? ಸಾವಿರ ಜನ ಓಡಿಬಂದರೂ ಗುರುತು ಸಿಗುವ ಮುಖ. ಬಾಯಿ ತೆರೆದು ಉಸಿರೆಳೆಯುತ್ತ, ಬೆವರಿಗೆ ಕೂದಲು ಅಂಟಿಕೊಂಡು, ಅವನನ್ನಾಗಲಿ ಕ್ಯಾಮೆರಾವನ್ನಾಗಲಿ ಗಮನಿಸದೆ, ಮುಂದಿನ ಕಲ್ಲು ಯಾವುದು ಎಂದಷ್ಟೇ ನೋಡುತ್ತ ಅವಳು ಹತ್ತಿರ ಹತ್ತಿರ ಬಂದು, ಚೌಕಟ್ಟು ತುಂಬಿ, ಚೌಕಟ್ಟಿನಿಂದ ಹೊರಗೆ ಹೋದಳು. ಬೆರಳು ಒತ್ತಿರಲಿಲ್ಲ. ಬೆಳಿಗ್ಗೆಯಿಂದ ನೂರಕ್ಕೂ ಹೆಚ್ಚು ಜನರಿಗೆ ತಾನಾಗಿ ಒತ್ತಿದ ಬೆರಳು.

ತಲೆಯೆತ್ತಿದರೆ ಅವಳು ನೀರಿನ ಮೇಜಿನ ಬಳಿ ಲೋಟ ಎತ್ತಿ ಕುಡಿಯುತ್ತಿದ್ದಳು. "ಅಯ್ಯೋ, ನಮ್ಮೂರ ಹುಡುಗಿ!" ಎಂದು ನರ್ಸಮ್ಮ ಬೆನ್ನು ತಟ್ಟುತ್ತಿದ್ದಳು. ಅವನು ಲಕೋಟೆ ಎಳೆದುಕೊಂಡು ಹತ್ತಿರ ಹೋದ.

"ಇದು ನಿಮ್ಮಕ್ಕನದು. ಸರಿಯಾದದ್ದು."

ಅವಳು ಲಕೋಟೆಯನ್ನು ನೋಡಿದಳು, ಕೈ ಚಾಚಲಿಲ್ಲ. "ಅಮ್ಮನಿಗೆ ಹೇಳಿದ್ರಾ?"

"ಇಲ್ಲ."

"ಅವಳಿಗೆ ಹೋದ ತಿಂಗಳು ಆಪರೇಷನ್ ಆಯ್ತು. ಈಗ ಎಲ್ಲ ಕಾಣುತ್ತೆ. ನೀವೇ ಕೊಡಿ, ನೀವೇ ಹೇಳಿ." ಲೋಟ ಇಟ್ಟು, ಬಾಯಿ ಒರೆಸಿಕೊಂಡು, ಅರ್ಧ ನಗುತ್ತ ಅರ್ಧ ನಗದೆ ಕೇಳಿದಳು: "ಈಗಲೂ ಒಂದೇ ಥರ ಕಾಣ್ತೀವಾ ನಾವು?"

"ಇಲ್ಲ," ಎಂದ. ಮುಂದಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಆಣೆ ಮಾಡಿ ಹೇಳಬಹುದು, ತುದಿಯಲ್ಲೇ ಇತ್ತು. ಅಷ್ಟರಲ್ಲಿ ತಿರುವಿನಿಂದ ಏಳೆಂಟು ಜನರ ಗುಂಪೊಂದು ಹೋ ಎನ್ನುತ್ತ ಬಂತು, ಅವನು ಹಿಂದೆಮುಂದೆ ನೋಡದೆ ಸ್ಟ್ಯಾಂಡಿನತ್ತ ಓಡಿದ. ಕೆಲಸ ಎಂಬುದು ಅವನಿಗೆ ಹಾಗೆ, ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದಂತೆ. ಏಳೆಂಟೂ ನಂಬರು ಸಮೇತ ಬಂದವು. ತಿರುಗಿದರೆ ಅವಳಿಲ್ಲ. ಆಚೆಯ ಇಳಿಜಾರಿನಲ್ಲಿ ತಂತಿಬಲೆಯ ಪಕ್ಕ ಅವಳ ಬೆನ್ನು ಇಳಿದು ಹೋಗುತ್ತಿತ್ತು. ಸ್ಟ್ಯಾಂಡಿನಿಂದ ಕ್ಯಾಮೆರಾ ಕಿತ್ತುಕೊಂಡು ಆ ಬೆನ್ನಿನ ಫೋಟೋ ತೆಗೆದ. ಮುಖವಿಲ್ಲ, ನಂಬರಿಲ್ಲ, ಮಾಸ್ತರ ಲೆಕ್ಕಕ್ಕೆ ಅದು ಫೋಟೋವೇ ಅಲ್ಲ.

"ಸ್ಟುಡಿಯೋ, ಮುಖ ಯಾಕೆ ಹಾಗಾಯ್ತು? ಗ್ಲೂಕೋಸ್ ಕೊಡ್ಲಾ?" ಎಂದಳು ನರ್ಸಮ್ಮ. ಕೊಡಿ ಎಂದು ಕುಡಿದ.

ಮಧ್ಯಾಹ್ನ ಮೂರಕ್ಕೆ ಶಾಲೆಯ ಹಾಲ್‌ನಲ್ಲಿ ಅಡ್ಡಡ್ಡ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ಫೋಟೋ ಸಿಕ್ಕಿಸಿದ್ದಾಯಿತು. ಒಂದೊಂದರ ಮೇಲೂ ನಂಬರಿನ ಚೀಟಿ. ನೂರಾ ಹದಿನಾರು ಇತ್ತು, ನೂರಾ ಹದಿನೆಂಟು ಇತ್ತು, ನಡುವೆ ಖಾಲಿ ಕ್ಲಿಪ್ಪು. "ಏನ್ ಸ್ಟುಡಿಯೋ, ಹೊರಗಿನವರದ್ದು ಒಂದೂ ಬಿಟ್ಟಿಲ್ಲ, ನಮ್ಮೂರೋಳದ್ದೇ ತಿಂದು ಹಾಕಿದ್ದೀಯಲ್ಲ!" ಎಂದು ಮಾಸ್ತರು ಎಲ್ಲರೆದುರು ಕೇಳಿದಾಗ ತಲೆ ಕೆರೆದುಕೊಂಡ. ಯಾರದೆಂದು ಗೊತ್ತಾಗದ ಮೂರು ಚಿತ್ರಗಳನ್ನು ಮೂಲೆಯ ಬೆಂಚಿನ ಮೇಲೆ ಇಟ್ಟಿದ್ದರು: ಒಂದು ಮಂಜೇ ಮಂಜು, ಒಂದು ಮುಗ್ಗರಿಸಿದವನ ಅಂಗಾಲು, ಇನ್ನೊಂದು ಆ ಬೆನ್ನು. ಅದರ ಹತ್ತಿರವೇ ಅವನು ಗೋಡೆಗೆ ಒರಗಿ ನಿಂತಿದ್ದ.

ಅವಳ ತಾಯಿ ಬಂದರು. ಕಪ್ಪು ಕನ್ನಡಕ, ಮಡಿಸಿ ಹಿಡಿದ ಕೊಡೆ. ಊರಿನವರ ಹರಿದ ಬಟ್ಟೆ ಹೊಲಿದುಕೊಡುವ ಆಕೆಯನ್ನು ಕಂಡರೆ ಅವನು ಎರಡು ವರ್ಷದಿಂದ ಬೀದಿ ದಾಟಿಬಿಡುತ್ತಿದ್ದ. ಇಲ್ಲಿ ದಾಟಲು ಬೀದಿಯಿರಲಿಲ್ಲ. ಆಕೆ ಹಗ್ಗದ ಉದ್ದಕ್ಕೂ ನಿಧಾನವಾಗಿ ನೋಡುತ್ತ, ಖಾಲಿ ಕ್ಲಿಪ್ಪಿನ ಕೆಳಗೆ ನಿಂತು, ಮುಂದೆ ಬಂದು, ಬೆಂಚಿನಿಂದ ಮೂರನೆಯ ಚಿತ್ರವನ್ನು ಎತ್ತಿಕೊಂಡರು.

"ಇದು ನಮ್ಮ ಚಿಕ್ಕೋಳು."

"ಹೇಗೆ ಗೊತ್ತಾಯ್ತಮ್ಮ? ಮುಖ ಇಲ್ಲ, ನಂಬರೂ ಇಲ್ಲ."

"ಎಡಗೈ ನೋಡು. ಮೈಗೆ ಒತ್ತಿಕೊಂಡೇ ಓಡೋದು ಅವಳು. ಸಣ್ಣೋಳಿದ್ದಾಗ ಏನೋ ಕದ್ದು ಬಚ್ಚಿಟ್ಕೊಂಡ ಹಾಗೆ ಓಡ್ತಿದ್ಲು."

ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎಂದು ಅವನು ಲಕೋಟೆ ಮುಂದೆ ಹಿಡಿದ. ಆಕೆ ಚಿತ್ರ ಹೊರತೆಗೆದು, ಕಪ್ಪು ಕನ್ನಡಕ ಮೇಲಕ್ಕೆ ಸರಿಸಿ, ಹಿರಿಯ ಮಗಳ ಮುಖವನ್ನು ಬೆರಳಿನಿಂದ ಒಮ್ಮೆ ಸವರಿದರು. "ಇಷ್ಟು ದಿನ ಎಲ್ಲಿಟ್ಟಿದ್ದೆ ಇವಳನ್ನ?"

"ತಪ್ಪಾಯ್ತಮ್ಮ. ಗೋಡೆ ಮೇಲಿರೋದು..."

"ಗೊತ್ತು ಕಣಪ್ಪ. ನೀನು ತಂದ ದಿನವೇ ಗೊತ್ತಾಯ್ತು. ಪೊರೆ ಬಂದ ಕಣ್ಣಿಗೂ ಅಷ್ಟು ಕಾಣುತ್ತೆ." ಆಕೆಯ ದನಿಯಲ್ಲಿ ಬಟ್ಟೆಯ ಅಳತೆ ಹೇಳುವ ಸಮಾಧಾನವಿತ್ತು. "ನನಗೆ ಗೊತ್ತಾಗಿದೆ ಅಂದ್ರೆ ಚಿಕ್ಕೋಳಿಗೆ ಬೇಜಾರಾಗುತ್ತೆ ಅಂತ ಅವಳೆದುರು ದೊಡ್ಡೋಳ ಹೆಸರು ಹಿಡಿದು ಮಾತಾಡ್ತಿದ್ದೆ. ನನಗೆ ಗೊತ್ತಿಲ್ಲ ಅಂತ ಅವಳು ಸುಮ್ಮನಿದ್ಲು. ಆಮೇಲೆ ಹೊರಟೇ ಹೋದ್ಲು. ಹೋದ ಮೇಲೆ ಆ ಫೋಟೋ ಇಳಿಸೋಕೆ ಮನಸ್ಸಾಗಲಿಲ್ಲ. ದೊಡ್ಡೋಳು ಕಣ್ಣು ಮುಚ್ಚಿದ್ರೆ ಬರ್ತಾಳೆ. ಇವಳನ್ನ ನೋಡೋಕೆ ನನಗೆ ಬೇರೆ ಏನಿತ್ತು?"

ಅವನು ಗೋಡೆಯ ಸುಣ್ಣ ಕೆರೆಯುತ್ತ ನಿಂತ.

"ನೀನು ಬರ್ತೀಯ ಅಂತ ಕಾಯ್ದೆ," ಎಂದರು. "ಅಷ್ಟೊಂದು ಜನರಲ್ಲಿ ಇವಳ ಮುಖವೇ ಹೇಗೆ ಬಂತಪ್ಪ ನಿನ್ನ ಕೈಗೆ, ಅದನ್ನ ಹೇಳೋಕಾದ್ರೂ ಬರ್ತೀಯ ಅಂದ್ಕೊಂಡೆ. ನೀನು ನನ್ನ ಕಂಡ್ರೆ ಆ ಕಡೆ ಹೋಗಿಬಿಡ್ತಿದ್ದೆ." ಆಮೇಲೆ ಚಿತ್ರವನ್ನು ಲಕೋಟೆಗೆ ಹಾಕಿ ಅವನ ಕೈಗೇ ಇಟ್ಟರು. "ಹಾಕಿದೋನು ನೀನು, ಇಳಿಸೋನೂ ನೀನೇ. ಮನೇಲಿ ಅವಳಿದ್ದಾಳೆ, ಐದೂವರೆ ಬಸ್ಸಿಗೆ ಹೊರಡ್ತಾಳೆ. ನಾನು ನಿಧಾನಕ್ಕೆ ಬರ್ತೀನಿ, ಇಲ್ಲಿ ಇನ್ನೂ ನೋಡೋದಿದೆ. ಹೊಸ ಕಣ್ಣು."

ಕೊರಳಲ್ಲಿ ಬೆಳಗಿನ ಕ್ಯಾಮೆರಾ ಹಾಗೇ ನೇತಾಡುತ್ತಿದ್ದಂತೆ ಸ್ಟುಡಿಯೋಗೆ ಹೋಗಿ ಒಂದು ಖಾಲಿ ಕಟ್ಟಿಗೆ ಅಕ್ಕನ ಚಿತ್ರ ಕೂರಿಸಿಕೊಂಡು ಅವರ ಮನೆ ತಲುಪುವಾಗ ಐದು ಹತ್ತಿರವಿತ್ತು. ಸರ್ಕಾರ ಕಟ್ಟಿಸಿಕೊಟ್ಟ ಸಾಲುಮನೆ, ಒಂದು ಕೋಣೆ, ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲಿ ಅದು. ಅವಳು ಬಾಗಿಲು ತೆರೆದು, ಅವನ ಕೈಯಲ್ಲಿದ್ದದ್ದನ್ನು ನೋಡಿ, ಏನೂ ಕೇಳದೆ ಸ್ಟೂಲು ತಂದಿಟ್ಟಳು. ಅವನು ಹತ್ತಿ ಒಂದನ್ನು ಇಳಿಸಿ ಇನ್ನೊಂದನ್ನು ನೇತುಹಾಕಿದ. ಸ್ವಲ್ಪ ಎಡಕ್ಕೆ, ಎಂದಳು ಕೆಳಗಿನಿಂದ, ಇನ್ನೂ ಸ್ವಲ್ಪ, ಹಾಂ, ಅಷ್ಟೇ. ಇಬ್ಬರೂ ಅಕ್ಕನನ್ನು ನೋಡಿದರು. ಅವಳು ಮೂಗು ಒರೆಸಿಕೊಂಡು, "ಬಂದ್ಲು," ಎಂದಳು.

"ಅಮ್ಮನಿಗೆ ಮೊದಲೇ ಗೊತ್ತಿತ್ತಂತೆ."

"ಹೌದಂತೆ. ನಿನ್ನೆ ನನಗೂ ಹೇಳಿದ್ಲು." ಇಳಿಸಿದ ಕಟ್ಟನ್ನು ಅವನು ಮುಂದೆ ಹಿಡಿದ. ಅವಳು ಅದನ್ನು ಮೆಲ್ಲಗೆ ಅವನ ಎದೆಗೇ ಒತ್ತಿದಳು. "ನೀವೇ ಇಟ್ಕೊಳ್ಳಿ. ನಿಮಗೋಸ್ಕರ ಮಾಡ್ಕೊಂಡಿದ್ದು ತಾನೇ ಇದು."

ಹೌದು ಎನ್ನಬಹುದಿತ್ತು, ಒಂದೇ ಒಂದು ಶಬ್ದ. ಅವನು, ಬರ್ತೀನಿ, ಎಂದ.

ಬೀದಿಗಿಳಿದು ಹತ್ತು ಹೆಜ್ಜೆ ಹಾಕಿರಲಿಲ್ಲ, ಬಟ್ಟಲು ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ಎದ್ದು ನಿಂತಳು. ಓಟ ನೋಡಲು ಬಂದು ಉಳಿದವರಿಗೆ ಕುರ್ಚಿ ಹಾಕುತ್ತಿದ್ದವನು ಕುರ್ಚಿ ಹಿಡಿದೇ ನಿಂತ. ಅಭ್ಯಾಸದಂತೆ ಅವನು ಕಟ್ಟನ್ನು ಮುಖ ಒಳಗಾಗಿ ಎದೆಗೆ ಒತ್ತಿಕೊಂಡಿದ್ದ, ಜನ ಅಭ್ಯಾಸದಂತೆ ಎದ್ದು ನಿಲ್ಲುತ್ತಿದ್ದರು. ಕ್ಷೌರಿಕ ಕತ್ತರಿ ಕೆಳಗಿಟ್ಟು ಬಾಗಿಲಿಗೆ ಬಂದು ತಲೆ ತಗ್ಗಿಸಿದ. ಅಲ್ಲಿ ಅವಳು ಶೂ ಒರೆಸಿ ಚೀಲ ತುಂಬುತ್ತಿದ್ದಾಳೆ, ಇಲ್ಲಿ ಇಡೀ ಬೀದಿ ಅವಳಿಗಾಗಿ ಎದ್ದು ನಿಂತಿದೆ.

"ಕೂತ್ಕೊಳ್ಳಿ," ಎಂದ, ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. "ಬದುಕಿರೋರ ಫೋಟೋ ಇದು."

ಕ್ಷೌರಿಕ ತಲೆಯೆತ್ತಿದ. "ಹೌದಾ? ಮತ್ಯಾಕೆ ಹಾಗೆ ಹಿಡ್ಕೊಂಡು ಹೊರಟಿದ್ದೀರಿ?"

ಅವನು ಬಂದ ದಾರಿಗೇ ತಿರುಗಿದ. ಮೊದಲು ನಡೆದ, ಆಮೇಲೆ ನಡಿಗೆ ತನಗೆ ತಿಳಿಯದಂತೆ ಓಟವಾಯಿತು, ಕೊರಳಿನ ಕ್ಯಾಮೆರಾ ಎದೆಗೆ ದಬದಬ ಬಡಿಯಿತು. ಅವಳು ಬಾಗಿಲಿಗೆ ಬೀಗ ಹಾಕಿ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದಳು, ಪಕ್ಕದಲ್ಲಿ ಚೀಲ.

"ಹೇಗೆ ತಪ್ಪಾಯ್ತು ಅಂತ ಆವತ್ತು ಕೇಳಿದ್ರಲ್ಲ," ಎಂದ. ಉಸಿರು ಸಾಲುತ್ತಿರಲಿಲ್ಲ. "ಒಂದೇ ಥರ ಕಾಣ್ತಿರಲಿಲ್ಲ. ಸುಳ್ಳು ಹೇಳ್ದೆ. ಆ ಫೋಟೋದಲ್ಲಿ ಇಪ್ಪತ್ತಾರು ಜನ ಇದ್ರು, ನನಗೆ ಕಂಡಿದ್ದು ನೀವೊಬ್ಬರೇ. ಯಾವತ್ತೂ ನೀವೊಬ್ಬರೇ. ಮುಖ ಮೂಡ್ದಾಗ ಅತ್ತೆ, ನೀವು ಉಳಿದ್ರಲ್ಲ ಅಂತ ಅತ್ತೆ. ನಿಮ್ಮಕ್ಕನಿಗೋಸ್ಕರ ಅಳಲಿಲ್ಲ ನಾನು. ಅದನ್ನ ಹೇಗೆ ಹೇಳ್ಬೇಕು ಅಂತ ಗೊತ್ತಾಗಲಿಲ್ಲ."

ಅವಳು ಲೇಸು ಬಿಟ್ಟಳು. ಕೈ ಚಾಚಿ ಕಟ್ಟನ್ನು ಇಸಿದುಕೊಂಡು ತೊಡೆಯ ಮೇಲಿಟ್ಟು, ಸಂಜೆಯ ಬಿಸಿಲಿಗೆ ಓರೆಮಾಡಿ ನೋಡಿದಳು.

"ನಾನ್ಯಾಕೆ ನಗ್ತಿದ್ದೀನಿ ಇದರಲ್ಲಿ, ಗೊತ್ತಾ?"

"ಗೊತ್ತು. ಮುಚ್ಚಳ."

"ಅಷ್ಟು ಜನ ಇದ್ರಲ್ಲ, ಬೇರೆ ಯಾರಿಗೂ ಯಾಕೆ ಗೊತ್ತಾಗಲಿಲ್ಲ?"

ಅದನ್ನು ಅವನು ಎಂದೂ ಯೋಚಿಸಿರಲಿಲ್ಲ. ಆ ನಗು ತನ್ನ ಮೇಲಿನದು ಎಂದು ನೋಯುವುದರಲ್ಲೇ ವರ್ಷಗಳು ಹೋಗಿದ್ದವು.

"ಎಲ್ಲರೂ ಕ್ಯಾಮೆರಾ ನೋಡ್ತಿದ್ರು," ಎಂದಳು ಅವಳು, ಚಿತ್ರದಿಂದ ಕಣ್ಣೆತ್ತದೆ. "ನಾನು ನಿಮ್ಮ ಕೈ ನೋಡ್ತಿದ್ದೆ. ಮುಚ್ಚಳ ಹಾಕಿದ್ದು ಕಂಡಿತ್ತು, ತೆಗೆದಿದ್ದು ಕಾಣಲಿಲ್ಲ."

ಬೀದಿಯ ಕೊನೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವಳು ಎದ್ದಳು. ಸೋಮವಾರ ಕೆಲಸಕ್ಕೆ ಹೋಗ್ಬೇಕು, ಎಂದಳು, ಯಾರೋ ಕೇಳಿದ ಹಾಗೆ. ಕಟ್ಟನ್ನು ಅವನಿಗೆ ಕೊಡಲೂ ಇಲ್ಲ, ಚೀಲಕ್ಕೆ ಹಾಕಲೂ ಇಲ್ಲ, ಬಗಲಲ್ಲಿ ಇಟ್ಟುಕೊಂಡೇ ನಿಂತಳು. "ನೂರಾ ಹದಿನೇಳರ ಫೋಟೋ ಇಲ್ಲವಂತೆ, ಮಾಸ್ತರು ಫೋನ್ ಮಾಡಿ ಬೈದ್ರು, ನಾನೇನೋ ತಪ್ಪು ಮಾಡಿದ ಹಾಗೆ. ತೆಗೀರಿ ಈಗ. ಬೇಗ."

ಅವನು ಕ್ಯಾಮೆರಾ ಕಣ್ಣಿಗೆ ಏರಿಸಿದ. ಎಲ್ಲ ಕತ್ತಲೆ. ಕಣ್ಣು ತುಂಬಿದ್ದರಿಂದ ಹೀಗೆ ಎಂದುಕೊಂಡು ತೋಳಿನಿಂದ ಒರೆಸಿಕೊಂಡ, ಮತ್ತೆ ನೋಡಿದ, ಆಗಲೂ ಕತ್ತಲೆ. ಕ್ಯಾಮೆರಾ ಇಳಿಸಿದಾಗ ಅವಳು ಒಂದು ಅಂಗೈಯನ್ನು ಕಣ್ಣಿನ ಮೇಲಿಟ್ಟುಕೊಂಡು, ತುಟಿ ಕಚ್ಚಿ ನಗುತ್ತಿದ್ದಳು. ಬಸ್ಸು ಎರಡನೆಯ ಸಲ ಹಾರ್ನ್ ಹೊಡೆಯಿತು.